ಕಲ್ಲು ಹಿಡಿದಂತಾಗಿದೆ ಎಂದು ಬರೆದ ಮಗಳಿಗೆ

ಶ್ರೀ ಗುರು ಬಸವಲಿಂಗಾಯ ನಮಃ

ಧಾರವಾಡ

ಪ್ರೀತಿಯ ಮಗಳೇ,

ಶರಣು ಶರಣಾರ್ಥಿ. ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಸಂಜೆ ಕೈಸೇರಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಕೆಲಸದ ಮಾತಿಗೂ ಊಟದ ಮಾತಿಗೂ ನಡುವೆ ನೀನು ಏನೂ ಆಗಿಲ್ಲವೆಂಬಂತೆ ಒಂದೆರಡು ಸಾಲು ಸೇರಿಸಿದ್ದೀಯಲ್ಲ, ಈ ಪತ್ರ ಅದಕ್ಕಾಗಿ. “ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಈಗ ಕಲ್ಲು ಹಿಡಿದಂತೆ ಅನಿಸುತ್ತದೆ. ದೀಕ್ಷೆಯಾದಾಗ ಎಲ್ಲಿದ್ದೆನೋ ಅಲ್ಲೇ ಇದ್ದೇನೆ. ಪೂಜೆಯನ್ನು ನಟಿಸುತ್ತಿದ್ದೇನೆಯೇ? ಹಾಗಿದ್ದರೆ ಬಿಚ್ಚಿಡುವುದೇ ಪ್ರಾಮಾಣಿಕತೆ ಅಲ್ಲವೇ?” ಅದನ್ನು ಓದಿದ ಮೇಲೆ ಮುಂದಿನದ್ಯಾವುದೂ ನನ್ನ ತಲೆಗೆ ಹೋಗಲಿಲ್ಲ. ರಾತ್ರಿ ಎದ್ದು ಕುಳಿತು ಮತ್ತೆ ಅದನ್ನೇ ಓದಿದೆ.

ನಟಿಸುವವರಿಗೆ ಇಂಥ ಪ್ರಶ್ನೆ ಹುಟ್ಟುವುದಿಲ್ಲ, ಆದ್ದರಿಂದ ನೀನು ನಟಿಸುತ್ತಿಲ್ಲ ಎಂದು ಬರೆದು ನಿನ್ನನ್ನು ಸಮಾಧಾನಪಡಿಸಬಹುದಿತ್ತು. ಆದರೆ ಆ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಪ್ರಶ್ನೆಯನ್ನೂ ಕೇಳಿಕೊಂಡು ನಟನೆಯನ್ನೂ ಮುಂದುವರಿಸಿದವರನ್ನು ನಾನು ಕಂಡಿದ್ದೇನೆ. ನಿನ್ನ ಭಯಕ್ಕೆ ಇನ್ನೂ ಗಟ್ಟಿಯಾದ ಉತ್ತರ ಬೇಕು. ಅದು ನನ್ನಲ್ಲಿ ಪೂರ್ತಿಯಾಗಿ ಇದೆ ಎನ್ನಲಾರೆ. ಇರುವಷ್ಟನ್ನು ಬರೆಯುತ್ತೇನೆ.

ಮೊದಲು ಬಸವಣ್ಣನವರ ಮಾತು. “ಎನ್ನ ನಡೆಯೊಂದು ಪರಿ, ಎನ್ನ ನುಡಿಯೊಂದು ಪರಿ, ಎನ್ನೊಳಗೇನೂ ಶುದ್ಧವಿಲ್ಲ ನೋಡಯ್ಯಾ.” ಚಿಕ್ಕಂದಿನಲ್ಲಿ ನೀನು ಇದನ್ನು ನಮ್ಮ ಪಡಸಾಲೆಯಲ್ಲಿ ನಿಂತು ಬಾಯಿಪಾಠ ಒಪ್ಪಿಸಿದ್ದೆ. ಆಗ ಅದು ಬರೀ ಪದ್ಯ. ಈಗ ನಿಧಾನವಾಗಿ ಓದು. ಭಕ್ತಿಭಂಡಾರಿ ಎಂದು ನಾವೆಲ್ಲ ಕೈಮುಗಿಯುವವರು ತಮ್ಮ ಭಕ್ತಿಯ ಮೇಲೆ ತಾವೇ ಹೊರಿಸಿಕೊಂಡ ಆರೋಪ ಅದು. ನೀನು ಬರೆದದ್ದೂ ಅದೇ ಆರೋಪವಲ್ಲವೇ? ಅವರ ವಚನಗಳನ್ನು ಸಾಧನೆಯ ಆರು ನೆಲೆಗಳಾದ ಸ್ಥಲಗಳಿಗೆ ಅನುಸಾರ ಜೋಡಿಸಿರುವುದನ್ನು ನೋಡಿದರೆ ಬಹುಪಾಲು ಬಂದು ಸೇರುವುದು ಮೊದಲನೆಯದಾದ ಭಕ್ತಸ್ಥಲದಲ್ಲೇ. ನೀನು “ಅಲ್ಲೇ ಇದ್ದೇನೆ” ಎಂದು ನಾಚಿಕೊಂಡು ಬರೆದ ಜಾಗದಲ್ಲೇ ಅವರು ಅಷ್ಟೊಂದು ಹೊತ್ತು ನಿಂತು, ಅತ್ತು, ಜಗಳವಾಡಿ, ಬೇಡಿಕೊಂಡಿದ್ದಾರೆ. ಒಂದು ವ್ಯತ್ಯಾಸವಂತೂ ಇದೆ. ಅವರು ಆ ದೂರನ್ನು ಕೂಡಲಸಂಗಮದೇವನಿಗೇ ಹೇಳಿದರು, ನೀನು ನನಗೆ ಬರೆದೆ. ಬರೆದದ್ದು ಒಳ್ಳೆಯದೇ ಆಯಿತು, ತಪ್ಪು ತಿಳಿಯಬೇಡ. ಬೆಳಿಗ್ಗೆ ಕುಳಿತಾಗ ಅಲ್ಲಿಯೂ ಹೇಳು ಎಂದಷ್ಟೇ ನನ್ನ ಮಾತು. “ನೀನು ಕಲ್ಲಿನಂತೆ ಕಾಣುತ್ತಿದ್ದೀಯೆ” ಎಂದು ಅಂಗೈಯಲ್ಲಿರುವವನಿಗೇ ಹೇಳು. ಅದಕ್ಕಿಂತ ಸಾಚಾ ಪೂಜೆ ಸದ್ಯಕ್ಕೆ ನಿನ್ನಿಂದ ಆಗದಿರಬಹುದು.

ನನಗೂ ಹೀಗಾಗಿತ್ತು. ನಿನ್ನ ಅಮ್ಮನಿಗೂ ಇದು ತಿಳಿದಿಲ್ಲ. ಮನೆಯಲ್ಲಿ ಸಾವಿಲ್ಲ, ನೋವಿಲ್ಲ, ಶಾಲೆಯ ಕೆಲಸ ಚೆನ್ನಾಗಿ ನಡೆಯುತ್ತಿತ್ತು, ಮಕ್ಕಳು ಕೈಗೆ ಬರುತ್ತಿದ್ದರು. ಕಾರಣವೇ ಇಲ್ಲದೆ ಎಲ್ಲವೂ ಒಣಗಿತು. ದುಃಖವಿದ್ದಿದ್ದರೆ ಅದರ ಮೇಲಾದರೂ ಹೊರಿಸಬಹುದಿತ್ತು. ವಿಭೂತಿ ಹಚ್ಚಿಕೊಳ್ಳುತ್ತಿದ್ದೆ, ಲಿಂಗವಿಡುವ ಕರಡಿಗೆ ಬಿಚ್ಚುತ್ತಿದ್ದೆ, ನೀರೆರೆದು ಪತ್ರೆ ಏರಿಸುತ್ತಿದ್ದೆ, ಮಂತ್ರ ಹೇಳುತ್ತಿದ್ದೆ. ಬಾಯಿ ಮಂತ್ರ ಹೇಳುತ್ತಿರುವಾಗಲೇ ಒಳಗೊಬ್ಬಳು ದೂರದಲ್ಲಿ ಕುಳಿತು ನನ್ನನ್ನು ನೋಡುತ್ತಿದ್ದಳು. ಇವಳಿಗೆ ಏನಾದರೂ ಆಗುತ್ತಿದೆಯೇ, ಇಲ್ಲವೇ, ನಿನ್ನೆಗಿಂತ ಇವತ್ತು ಹೇಗೆ ಎಂದು ಲೆಕ್ಕ ಹಾಕುತ್ತಿದ್ದಳು. ನಿನ್ನಲ್ಲಿಯೂ ಅಂಥವಳೊಬ್ಬಳು ಬಂದು ಕುಳಿತಿದ್ದಾಳೆ ಎಂದು ನನ್ನ ಅನುಮಾನ.

ಆ ಕಾಲದಲ್ಲಿ ಕೂಡಲಸಂಗಮಕ್ಕೆ ಹೋಗಿದ್ದೆ. ಕೃಷ್ಣೆ ಮಲಪ್ರಭೆ ಕೂಡುವ ಆ ಜಾಗದಲ್ಲಿ ನನಗೆ ಏನಾದರೂ ಆಗಿಯೇ ತೀರುತ್ತದೆ ಎಂದುಕೊಂಡಿದ್ದೆ. ನಾರಾಯಣಪುರದ ಹಿನ್ನೀರು ಸುತ್ತುವರಿದಿರುವುದರಿಂದ ಬಸವಣ್ಣನವರು ಲಿಂಗೈಕ್ಯರಾದ ಜಾಗದ ಐಕ್ಯಮಂಟಪವನ್ನು ಬಾವಿಯಂಥ ಗೋಡೆಯೊಳಗೆ ಕಾಪಾಡಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಇಳಿಯುತ್ತಾ ಇಳಿಯುತ್ತಾ ಗೋಡೆಯ ತಂಪು ಮೈಗೆ ತಾಗಿತು, ಮೇಲಿನ ಗಾಳಿಯ ಸದ್ದು ನಿಂತಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಲಿಂಗವನ್ನು ಕಂಡದ್ದೇ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಕಣ್ಣೀರು ಬರಲಿಲ್ಲ. ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ, ಮರಳುವ ಬಸ್ಸು ಎಷ್ಟು ಹೊತ್ತಿಗೆ ಎನ್ನುವುದು ಮನಸ್ಸಿಗೆ ಬಂತು. ಹತ್ತುವಾಗ ಕಾಲು ಸೋತುಹೋಗಿದ್ದವು. ಬಸವಣ್ಣನವರ ಐಕ್ಯಸ್ಥಳದಲ್ಲೇ ಏನೂ ಆಗದವಳಿಗೆ ಇನ್ನೆಲ್ಲಿ ಆದೀತು ಎಂದು ದಾರಿಯುದ್ದಕ್ಕೂ ಕೊರಗಿದೆ.

ಈಗ ಹಿಂದಿರುಗಿ ನೋಡಿದರೆ ಆ ಒಣಗಿದ ವರ್ಷಗಳಿಗಿಂತ ಆ ವರ್ಷಗಳ ಭಯವೇ ನನ್ನನ್ನು ಹೆಚ್ಚು ತಿಂದಿತು ಎನಿಸುತ್ತದೆ. ಎಷ್ಟೊಂದು ಬೆಳಗುಗಳನ್ನು ಆ ಭಯಕ್ಕೆ ಕೊಟ್ಟುಬಿಟ್ಟೆ! ಆ ಬೆಳಗುಗಳು ನಿನಗಾದರೂ ಉಳಿಯಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮತ್ತೆ ನಿನ್ನ ಸಾಲಿಗೆ ಬರುತ್ತೇನೆ. “ಎಲ್ಲಿದ್ದೆನೋ ಅಲ್ಲೇ ಇದ್ದೇನೆ” ಎಂದಿದ್ದೀಯೆ. ಅದು ನಿನಗೆ ಹೇಗೆ ಗೊತ್ತು? ಚೆನ್ನಬಸವಣ್ಣನವರು ಕ್ರಮಕ್ಕೆ ತಂದ ಷಟ್‌ಸ್ಥಲವನ್ನು ನೀನು ಓದಿದ್ದೀಯೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಹೆಸರುಗಳು ನಿನಗೆ ಬಾಯಿಗೆ ಬರುತ್ತವೆ. ಅದನ್ನು ಶಾಲೆಯ ತರಗತಿಗಳೆಂದು ತಿಳಿದು, ಪಾಸಾಗದೆ ಒಂದರಲ್ಲೇ ಕುಳಿತಿದ್ದೇನೆ ಎಂದುಕೊಂಡಿದ್ದೀಯೆ ಎನಿಸಿತು. ಒಂದೊಂದು ಸ್ಥಲದೊಳಗೂ ಉಳಿದವೆಲ್ಲ ಅಡಗಿವೆ ಎಂದು ಹಿರಿಯರು ಆರನ್ನು ಆರರಿಂದ ಗುಣಿಸಿ 36 ಎಂದು ಎಣಿಸಿದ್ದಾರೆ. ಹಾಗಿರುವಾಗ ಒಬ್ಬರು ನಿಂತ ಸ್ಥಲವನ್ನು ಅವರೇ ಅಳೆದು ಹೇಳುವುದು ಕಷ್ಟ.

ಈ ಆರು ಸ್ಥಲಗಳಿಗೆ ಹೇಳಿರುವ ಆರು ಭಕ್ತಿಗಳನ್ನು ನೆನಪಿಸಿಕೋ. ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಆನಂದ ಎಲ್ಲಿದೆ ನೋಡು, ಐದನೆಯದು! ಶ್ರದ್ಧೆಯ ಬೆನ್ನಿಗೆ ಬರುವುದು ನಿಷ್ಠೆ. ಮೊದಲು ಮನಸ್ಸು ತಾನಾಗಿ ಓಡಿಬರುತ್ತದೆ, ದೀಕ್ಷೆಯ ಹೊಸದರಲ್ಲಿ ನಿನಗೆ ಕಣ್ಣು ತುಂಬಿ ಬರುತ್ತಿದ್ದುದು ಅದರಿಂದ. ಆಮೇಲೆ ಸಿಹಿ ಕರಗುತ್ತದೆ, ಮನಸ್ಸು ಓಡಿಬರುವುದಿಲ್ಲ, ಆದರೂ ಕೈ ಕರಡಿಗೆಯನ್ನು ಬಿಚ್ಚುತ್ತದೆ. ಇದನ್ನೇ ನಿಷ್ಠೆ ಎಂದು ಕರೆದಿರಬಾರದೇಕೆ? ಸಿಹಿಯಿದ್ದಾಗ ನಿಷ್ಠೆಗೆ ಕೆಲಸವೇ ಇರುವುದಿಲ್ಲ. ನೀನು ನಟನೆ ಎಂದು ಹೆದರುತ್ತಿರುವುದು ಇದೇ ಆಗಿರಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ. ನಾನು ಶಾಸ್ತ್ರ ಕಲಿತವಳಲ್ಲ, ಮಠದ ಹಿರಿಯರು ಇದನ್ನು ಒಪ್ಪುತ್ತಾರೋ ಇಲ್ಲವೋ. ನನ್ನ ಬದುಕಿಗೆ ಹಚ್ಚಿ ನೋಡಿದಾಗ ಹಾಗೆ ಕಂಡಿತು.

ಸಿದ್ಧರಾಮಯ್ಯನವರ ಕಥೆಯನ್ನೂ ಈ ಕಡೆಯಿಂದ ಒಮ್ಮೆ ನೋಡು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ದೊಡ್ಡ ಯೋಗಿ ಎನಿಸಿಕೊಂಡವರು. ತಾವು ಮುಂದೆ ಸಾಗುತ್ತಿರುವುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಅಲ್ಲಮರು ಬಂದು ಕೆಣಕಿದ ಮೇಲೆ ಕಲ್ಯಾಣಕ್ಕೆ ಹೋಗಿ, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ಪಡೆದು ಹೊಸದಾಗಿ ಆರಂಭಿಸಿದರು. ಸಾಗುತ್ತಿದ್ದೇನೆ ಎಂದುಕೊಂಡ ಅಷ್ಟು ದೊಡ್ಡವರಿಗೇ ತಾವು ನಿಂತದ್ದು ತಿಳಿಯಲಿಲ್ಲ. ನಿಂತಿದ್ದೇನೆ ಎಂದುಕೊಂಡಿರುವ ನಿನ್ನ ಅಂದಾಜು ಮಾತ್ರ ಸರಿಯಾಗಿರಬೇಕೇ?

ನನ್ನ ಅವ್ವನ ನೆನಪಾಗುತ್ತಿದೆ. ಕೊನೆಯ ದಿನಗಳಲ್ಲಿ ಆಕೆಯ ಕೈ ನಡುಗುತ್ತಿತ್ತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರೆ ಎಲ್ಲಿ ಜಾರುತ್ತದೋ ಎಂದು ನಾನು ಕೆಳಗೆ ನನ್ನ ಕೈ ಒಡ್ಡಿರುತ್ತಿದ್ದೆ. ಎಣ್ಣೆದೀಪ ಎದುರಿಗಿರುತ್ತಿತ್ತು. ಲಿಂಗವನ್ನು ಹೊದ್ದ ಆ ಕರಿಯ ಲೇಪದ ಮೇಲೆ ದೀಪದ ಬೆಳಕು ಸಾಸಿವೆ ಕಾಳಿನಷ್ಟು ಬಿಂದುವಾಗಿ ಮೂಡುತ್ತಿತ್ತು. ನನ್ನ ಕೈಯಲ್ಲಾದರೆ ಅದು ಒಂದೆಡೆ ನಿಲ್ಲುತ್ತದೆ, ಅವ್ವನ ಕೈಯಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ, ಅತ್ತಿಂದಿತ್ತ ಓಡುತ್ತಿತ್ತು. ಅವ್ವನ ಕಣ್ಣು ಮಾತ್ರ ಅಲುಗದೆ ಅಲ್ಲೇ ಇರುತ್ತಿತ್ತು. ಹೊಗೆಯಿಂದ ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳುತ್ತಿರಲಿಲ್ಲ. ಅವ್ವನಿಗೆ ಆಗ ಏನು ಕಾಣುತ್ತಿತ್ತು? ಆಕೆಗೂ ಎಂದಾದರೂ ಬರೀ ಕಲ್ಲಾಗಿ ಕಂಡಿತ್ತೇ? ಕೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದ ಮಾತು ಒಳಗೇ ಉಳಿಯಿತು. ಪೂಜೆಯ ಮಾತನ್ನು ಆಡಬಾರದು ಎನ್ನುವ ಸಂಕೋಚ ನಮ್ಮ ಮನೆಯಲ್ಲಿ ಆಗ ಬಹಳವಿತ್ತು. ಕೇಳದೆ ಹೋದದ್ದು ಈಗಲೂ ನನ್ನನ್ನು ಕಾಡುತ್ತದೆ. ನೀನು ಕೇಳಿದೆಯಲ್ಲ, ಅದಕ್ಕೆ ನಿನ್ನ ತಲೆ ಸವರಬೇಕೆನಿಸಿತು.

ಬಿಚ್ಚಿಡುವ ಮಾತಿಗೆ ಬರುತ್ತೇನೆ. ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಜನ ಏನೆಂದಾರು ಎಂಬ ಹೆದರಿಕೆಯಲ್ಲ ಅದು. ಯಾರಿಗೂ ತಿಳಿಯದಂತೆ ಪೆಟ್ಟಿಗೆಯಲ್ಲಿ ಇಟ್ಟುಬಿಡಬಹುದು ಎನ್ನುವುದು ನನಗೂ ಗೊತ್ತು. ಒಣಗಿದ ಹೊತ್ತಿನಲ್ಲಿ ತೀರ್ಮಾನ ಮಾಡಿದರೆ ಆ ತೀರ್ಮಾನವೂ ಒಣಗಿಯೇ ಇರುತ್ತದೆ. ಕೊರಳಲ್ಲಿ ಕಟ್ಟಿಕೊಂಡ ದಿನ ಮನಸ್ಸು ತುಂಬಿತ್ತು. ಬಿಚ್ಚುವುದೇ ಆದರೆ ಮನಸ್ಸು ಇನ್ನೊಮ್ಮೆ ತುಂಬಿದಾಗ, ತಿಳಿಯಾದಾಗ ಬಿಚ್ಚು. ಅಲ್ಲಿಯವರೆಗೆ ಇರಲಿ. ನಿನ್ನ ಮನಸ್ಸಿನಲ್ಲಿ ಏನೂ ಹುಟ್ಟದ ದಿನ ನೀನು ಮಾಡಬಹುದಾದದ್ದು ಇಷ್ಟೇ, ಅದನ್ನು ಮೈಮೇಲೆ ಇರಗೊಡುವುದು. ಇದರಲ್ಲಿ ಸುಳ್ಳೇನೂ ಇಲ್ಲ. ಸುಳ್ಳು ಶುರುವಾಗುವುದು ಬೇರೆಯವರ ಎದುರು ಇಲ್ಲದ ಅನುಭವವನ್ನು ಹೇಳಿಕೊಂಡಾಗ. ನೀನು ಸೇರುವ ಆ ಶಿವಯೋಗದ ಕೂಟದಲ್ಲಿ ಎಲ್ಲರೂ ಬೆಳಕು ಕಂಡಿತು, ಕಂಪನವಾಯಿತು ಎಂದು ಸರದಿಯಂತೆ ಹೇಳುತ್ತಾರೆ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ನನಗೆ ಅದು ಆಗಲೂ ಸರಿಬರಲಿಲ್ಲ. ಶರಣ ಅಜಗಣ್ಣನಂಥವರು ತಮ್ಮ ಭಕ್ತಿಯನ್ನು ಯಾರಿಗೂ ಕಾಣದಂತೆ ಬಚ್ಚಿಟ್ಟುಕೊಂಡು ಬಾಳಿದರು. ನಿನ್ನ ಸರದಿ ಬಂದಾಗ ಸುಮ್ಮನಿರು, ಅಥವಾ ಸ್ವಲ್ಪ ಕಾಲ ಆ ಕೂಟಕ್ಕೆ ಹೋಗಲೇಬೇಡ. ಅದು ನಿನ್ನ ಇಷ್ಟ, ಅಲ್ಲಿ ನಿನ್ನ ಗೆಳತಿಯರಿದ್ದಾರೆ ಎನ್ನುವುದೂ ನನಗೆ ನೆನಪಿದೆ.

ಇನ್ನೇನು ಹೇಳಲಿ? ಪೂಜೆಯನ್ನು ಬೇಕಾದರೆ ಚಿಕ್ಕದು ಮಾಡಿಕೋ, ಹೊತ್ತು ಮಾತ್ರ ತಪ್ಪಿಸಬೇಡ. ಪತ್ರೆ ಸಿಗದಿದ್ದರೆ ನೀರು ಸಾಕು. ಊಟ ಮಾಡುವಾಗ ಮೊಬೈಲ್ ಬದಿಗಿಟ್ಟು ತುತ್ತನ್ನು ನೋಡಿ ತಿನ್ನು. ಪ್ರಸಾದಿಗೆ ಹೇಳಿದ ಅವಧಾನ ಅಂದರೆ ಇದೇ ಇರಬಹುದೆಂದು ನಾನು ಮಾಡಿಕೊಂಡು ಬಂದಿದ್ದೇನೆ. ಕಚೇರಿಯ ಕೆಲಸವನ್ನು ಪೂಜೆಗೆ ಅಡ್ಡಿ ಎಂದು ಬರೆದಿದ್ದೀಯೆ. ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆಯನ್ನೂ ಮರೆಯಬೇಕು ಎಂದವರು ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯನವರು. ಅವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟೇಕೆ, ಮರಳಿ ಸುರಿದು ಬನ್ನಿ ಎಂದ ಅವರ ಹೆಂಡತಿ ಲಕ್ಕಮ್ಮನನ್ನೂ ನೆನೆ. ಅನುಭವವನ್ನೂ ಹಾಗೆಯೇ ಇಂದಿಗೆ ಬೇಕಾದಷ್ಟೇ ಕೇಳಿಕೊಳ್ಳಬೇಕೇನೋ. ಊಟ ರುಚಿಸದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅದು ಬೇರೆ ಸಂಗತಿ, ಮೊದಲು ಒಳ್ಳೆಯ ವೈದ್ಯರನ್ನು ಕಾಣು. ಅದನ್ನು ಭಕ್ತಿಯ ಕೊರತೆ ಎಂದು ಮುಚ್ಚಿಡಬೇಡ. ಇಷ್ಟೆಲ್ಲ ಉಪದೇಶ ಮಾಡುವಷ್ಟು ದೊಡ್ಡವಳಲ್ಲ ನಾನು, ಪ್ರೀತಿಗೆ ಬರೆದೆ.

ಹಿಂದಿನ ಸಿಹಿ ನನಗೆ ಮರಳಿ ಬಂತೇ ಎಂದು ನೀನು ಖಂಡಿತ ಕೇಳುತ್ತೀಯೆ. ಅದೇ ರೀತಿಯಲ್ಲಿ ಬರಲಿಲ್ಲ. ಆದರೆ ಒಳಗೆ ಕುಳಿತು ಲೆಕ್ಕ ಹಾಕುತ್ತಿದ್ದವಳು ಯಾವಾಗಲೋ ಎದ್ದುಹೋದಳು, ಹೋದದ್ದು ನನಗೆ ಗೊತ್ತಾಗಲೇ ಇಲ್ಲ. ಈಗ ಸಿಟ್ಟು ಬಂದಾಗ, ಯಾರಾದರೂ ಚುಚ್ಚಿ ಮಾತನಾಡಿದಾಗ, ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಗುತ್ತದೆ. ನಾಲಿಗೆಯವರೆಗೆ ಬಂದ ಮಾತು ಅರ್ಧಕ್ಕೆ ನಿಲ್ಲುತ್ತದೆ. ಮುಂದೆ ಸಾಗುವುದು ಅಂದರೆ ಇದೇ ಎಂದು ಸಾಧಿಸಲಾರೆ. ಮೊದಲು ಹೀಗಿರಲಿಲ್ಲ ಎನ್ನುವುದಂತೂ ನಿಜ.

ಲಿಂಗವನ್ನು ಕೊರಳಿಗೆ ಕಟ್ಟುವ ನಿನ್ನ ಶಿವದಾರ ಸವೆದಿದೆ ಎಂದು ಅಮ್ಮ ಹೇಳಿದಳು, ಹೊಸದನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಭಾರತ ಹುಣ್ಣಿಮೆಗೆ ಚೆನ್ನಬಸವಣ್ಣನವರ ಉಳವಿ ಜಾತ್ರೆಗೆ ನಮ್ಮ ಕಡೆಯ ಚಕ್ಕಡಿಗಳು ಹೊರಡುತ್ತವೆ. ರಜೆ ಸಿಕ್ಕರೆ ಬಾ, ನಾವಿಬ್ಬರೂ ಬಸ್ಸಿನಲ್ಲಿ ಹೋಗೋಣ, ನನ್ನ ಸೊಂಟಕ್ಕೆ ಈಗ ಚಕ್ಕಡಿ ಆಗದು. ಅಲ್ಲಿಯೂ ಏನೂ ಆಗದಿರಬಹುದು, ಆದರೂ ಹೋಗಿ ಬರೋಣ. ಅಷ್ಟರಲ್ಲಿ ಒಂದು ಸಂಗತಿಯನ್ನು ಮರೆಯದೆ ಬರೆ. ಪೂಜೆಯಲ್ಲಿ ನೀನು ಕಣ್ಣು ಮುಚ್ಚಿಕೊಳ್ಳುತ್ತೀಯೋ, ಲಿಂಗವನ್ನು ನೋಡುತ್ತಾ ಕುಳಿತಿರುತ್ತೀಯೋ?

ನಿನ್ನ
ದೊಡ್ಡಮ್ಮ