ಮಗಳಿಗೊಂದು ಪತ್ರ: ಇಷ್ಟೊಂದು ಹೆಗಡೆಗಳ ನಡುವೆ

ಕುಮಟಾ

ಪ್ರೀತಿಯ ಕೂಸಿಗೆ ಆಯಿಯ ಆಶೀರ್ವಾದಗಳು.

ಮೊನ್ನೆ ನೀನು ಹೇಳಿದ ಮಾತಿಗೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ವಾದಕ್ಕೆ ಕುಳಿತರೆ ನಾವಿಬ್ಬರೂ ಗೆಲ್ಲುವ ಹಟಕ್ಕೆ ಬೀಳುತ್ತೇವೆ, ವಿಷಯ ಎಲ್ಲೋ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ನ ಮಾತು ಬಂದಾಗ ನೀನು, ‘ಲಿಂಕ್ಡ್‌ಇನ್‌ನಲ್ಲಿ ಎಲ್ಲರೂ ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಾರೆ, ನನಗದು ಒಗ್ಗುವುದಿಲ್ಲ, ಕೆಲಸ ಚೆನ್ನಾಗಿ ಮಾಡಿದರೆ ಸಾಕು’ ಎಂದೆ. ಮೊದಲ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದವರು ಪ್ರಮಾಣಪತ್ರ ಹಿಡಿದು ನಿಂತು, ‘ಅತ್ಯಂತ ವಿನಮ್ರಳಾಗಿ ತಿಳಿಸುತ್ತಿದ್ದೇನೆ’ ಎಂದು ಊರಿಗೆಲ್ಲ ಸಾರುವುದನ್ನು ನಾನೂ ನೋಡಿದ್ದೇನೆ. ವಿನಯವನ್ನು ಹೀಗೆ ಡಂಗುರ ಹೊಡೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಕಲಿಯುವುದೂ ಬೇಡ.

ಆದರೆ ‘ಕೆಲಸ ಚೆನ್ನಾಗಿ ಮಾಡಿದರೆ ಸಾಕು’ ಎಂಬ ಮಾತನ್ನು ಕಾಲೇಜಿನ ಗ್ರಂಥಪಾಲಕಿಯ ಮಗಳು ಆಡಬಾರದಿತ್ತು. ಕ್ಯಾಟಲಾಗಿಗೆ ಸೇರದ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದ ಹಾಗೆಯೇ. ಕೇಳಿಕೊಂಡು ಬಂದವರಿಗೆ ‘ಇಲ್ಲ’ ಎಂದೇ ಹೇಳಿ ಕಳಿಸುತ್ತೇವೆ, ಪುಸ್ತಕ ಬೆನ್ನ ಹಿಂದೆಯೇ ಇರುತ್ತದೆ. ನಿನ್ನ ಹೆಸರಿಗೊಂದು ಸರಿಯಾದ ಕಾರ್ಡು ಬರೆದಿಡು ಎನ್ನುವುದಷ್ಟೇ ನನ್ನ ಬೇಡಿಕೆ.

ಹೆಸರಿನಿಂದಲೇ ಶುರು ಮಾಡೋಣ. ನಮ್ಮ ಕುಮಟಾ, ಶಿರಸಿ ಕಡೆ ಕಲ್ಲೆಸೆದರೆ ಯಾವುದಾದರೂ ಹೆಗಡೆಯವರ ಹಂಚಿನ ಮೇಲೇ ಬೀಳುತ್ತದೆ, ತಪ್ಪಿದರೆ ಭಟ್ಟರದ್ದು. ಸಂಶೋಧನಾ ಪ್ರಬಂಧ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ‘ಎಸ್. ಹೆಗಡೆ’ ಎಂದು ಹಾಕಿ ನೋಡು. ವೈದ್ಯರು, ಎಂಜಿನಿಯರುಗಳು, ಅರ್ಥಶಾಸ್ತ್ರದವರು ಎಲ್ಲ ಒಟ್ಟಿಗೆ ಬಂದು ಸಾಲು ನಿಲ್ಲುತ್ತಾರೆ. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ನಡುವೆ ಒಂದು ‘ಎ’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ನಿನ್ನ ಮೊದಲ ಪ್ರಬಂಧದಲ್ಲಿ ಅಪ್ಪನ ಹೆಸರಿನ ಅಕ್ಷರ ಇದೆ, ಎರಡನೆಯದರಲ್ಲಿ ಇಲ್ಲ. ಯಂತ್ರಕ್ಕೆ ನೀನು ಈಗಾಗಲೇ ಇಬ್ಬರು. ಇದಕ್ಕೆ ಮದ್ದು ಆರ್ಕಿಡ್ (ORCID) ಸಂಖ್ಯೆ. 2012ರಲ್ಲಿ ಶುರುವಾದ ಈ ವ್ಯವಸ್ಥೆಯನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನಡೆಸುತ್ತದೆ. ಸಂಶೋಧಕರಿಗೆ 16 ಅಂಕಿಗಳ ಗುರುತು ಕೊಡುತ್ತದೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ವಿಶ್ವವಿದ್ಯಾಲಯ ಬದಲಾದರೂ, ಮದುವೆಯಾಗಿ ಹೆಸರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. (ಆಯಿ ಮತ್ತೆ ಮದುವೆಯ ಮಾತೆತ್ತಿದಳು ಎಂದು ಹುಬ್ಬು ಗಂಟಿಕ್ಕಬೇಡ, ಇದು ಬರಿಯ ಉದಾಹರಣೆ.) ಆ ಸಂಖ್ಯೆ ಪಡೆದು, ಗೂಗಲ್ ಸ್ಕಾಲರ್‌ನಲ್ಲಿ ನಿನ್ನ ಪುಟ ಮಾಡಿ, ಎರಡರ ಕೊಂಡಿಯನ್ನೂ ಲಿಂಕ್ಡ್‌ಇನ್‌ಗೆ ಹಾಕು. ಒಂದು ಮಧ್ಯಾಹ್ನದ ಕೆಲಸ.

ಇನ್ನು ಲಿಂಕ್ಡ್‌ಇನ್. 2003ರ ಮೇ ತಿಂಗಳಲ್ಲಿ ಅದು ಶುರುವಾದಾಗ ನೀನು ಬಾಲವಾಡಿಯಲ್ಲಿ ಅಳುತ್ತಿದ್ದೆ. ಈಗ ಅಲ್ಲಿ ನಿನ್ನ ಹೆಸರಿನ ಕೆಳಗೆ ‘ಪಿಎಚ್‌ಡಿ ವಿದ್ಯಾರ್ಥಿನಿ’ ಎಂದಿದೆ, ಪಕ್ಕದಲ್ಲಿ ವಿಶ್ವವಿದ್ಯಾಲಯದ ಹೆಸರು. ಅಷ್ಟೇ. ಆ ಜಾಗದಲ್ಲಿ 220 ಅಕ್ಷರ ಬರೆಯಲು ಅವಕಾಶವಿದೆ. ‘ಅಘನಾಶಿನಿ ಅಳಿವೆಯ ಬಳಚು, ಚಿಪ್ಪಿಕಲ್ಲುಗಳ ಮೇಲೆ ನೀರಿನ ಉಪ್ಪಿನ ಏರಿಳಿತದ ಪರಿಣಾಮ, ಕ್ಷೇತ್ರ ಸಮೀಕ್ಷೆ, ಆರ್ (R) ಎಂಬ ಕಂಪ್ಯೂಟರ್ ಭಾಷೆಯಲ್ಲಿ ದತ್ತಾಂಶ ವಿಶ್ಲೇಷಣೆ’ ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಹುಡುಕುವವರಿಗೆ ಸಿಗುತ್ತೀಯ. ‘ಉತ್ಸಾಹಿ’, ‘ಕನಸುಗಾರ್ತಿ’, ‘ಬದಲಾವಣೆಯ ಹರಿಕಾರಳು’ ಇವೆಲ್ಲ ಬೇಡ. ಯಾರೂ ಆ ಪದ ಹಾಕಿ ಹುಡುಕುವುದಿಲ್ಲ.

ಅದರ ಕೆಳಗೆ ನಿನ್ನ ಬಗ್ಗೆ ವಿವರವಾಗಿ ಬರೆಯಲು 2600 ಅಕ್ಷರಗಳ ಜಾಗವಿದೆ. ನೀವು ಸಂಶೋಧನಾ ವಿದ್ಯಾರ್ಥಿಗಳು ಸೊರಗುವುದು ಇಲ್ಲಿಯೇ. ಪ್ರಬಂಧದ ಶೀರ್ಷಿಕೆ ಬರೆದು ಕೈ ತೊಳೆದುಕೊಳ್ಳುತ್ತೀರಿ. ನೀನು ಇಷ್ಟು ವರ್ಷ ಮಾಡಿದ್ದೇನು ಎಂದು ಒಮ್ಮೆ ಲೆಕ್ಕ ಹಾಕು. ನೀರಿಳಿಯುವ ಹೊತ್ತು ನೋಡಿ ದೋಣಿ ಗೊತ್ತುಮಾಡಿದೆ, ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಮಾದರಿ ಸಂಗ್ರಹದ ಯೋಜನೆಯನ್ನೇ ತಿರುಗಿಸಿ ಬರೆದೆ, ಅನುದಾನದ ಖರ್ಚಿಗೆ ಪೈಸೆ ಪೈಸೆ ಲೆಕ್ಕ ಇಟ್ಟೆ, ಹೊಸದಾಗಿ ಬಂದ ಎಂಎಸ್‌ಸಿ ಮಕ್ಕಳಿಗೆ ಕಲಿಸಿದೆ, ಬಳಚು ಹೆಕ್ಕುವ ಹೆಂಗಸರ ಜೊತೆ ಕೆಸರಿನಲ್ಲಿ ನಿಂತು ಕನ್ನಡದಲ್ಲೂ ಕೊಂಕಣಿಯಲ್ಲೂ ಮಾತಾಡಿ ಮಾಹಿತಿ ಪಡೆದೆ. ಇದನ್ನೆಲ್ಲ ನೀನು ‘ಕೆಲಸ’ ಎಂದೇ ಎಣಿಸುವುದಿಲ್ಲ. ಪರಿಸರ ಸಲಹಾ ಸಂಸ್ಥೆಗೋ ಮೀನುಗಾರಿಕೆಯ ಯೋಜನೆಗೋ ಜನ ಹುಡುಕುವವರು ಮೊದಲು ಎಣಿಸುವುದು ಇದನ್ನೇ. ಪಿಎಚ್‌ಡಿ ಮುಗಿಸಿದವರೆಲ್ಲ ಪ್ರಾಧ್ಯಾಪಕರಾಗುವಷ್ಟು ಹುದ್ದೆಗಳು ಎಲ್ಲಿವೆ? ನಿನಗೂ ಗೊತ್ತಿದೆ, ಅದಕ್ಕೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತೀಯ. ಭಾಷೆಗಳ ಪಟ್ಟಿಯಲ್ಲಿ ಕೊಂಕಣಿಯನ್ನು ಮರೆಯಬೇಡ. ಗೋವೆಯಿಂದ ಈಚೆ ಕರಾವಳಿಯಲ್ಲಿ ಅದಕ್ಕೆ ಬೆಲೆಯಿದೆ.

ಈಗ ನಿನಗೆ ಇಷ್ಟವಾಗದ ಭಾಗ: ಪರಿಚಯವಿಲ್ಲದವರನ್ನು ಮಾತಾಡಿಸುವುದು. ಮಾರ್ಕ್ ಗ್ರಾನೊವೆಟ್ಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಹಿಡಿದು ‘ಸುದ್ದಿ ಕೊಟ್ಟ ಆ ವ್ಯಕ್ತಿ ನಿಮಗೆ ಎಷ್ಟು ಸಲ ಸಿಗುತ್ತಿದ್ದರು?’ ಎಂದು ಕೇಳಿದ್ದರು. ಆಗಾಗ ಸಿಗುವ ಆಪ್ತರಿಂದ ಎಂದವರು ಸುಮಾರು ಆರರಲ್ಲಿ ಒಬ್ಬರು. ಉಳಿದವರಿಗೆ ಸುದ್ದಿ ತಂದವರು ಆಗೊಮ್ಮೆ ಈಗೊಮ್ಮೆ ಸಿಗುವವರು, ಇಲ್ಲವೇ ಅಪರೂಪಕ್ಕೆ ಸಿಗುವವರು, ಕೆಲವೊಮ್ಮೆ ಹೆಚ್ಚುಕಡಿಮೆ ಮರೆತೇಹೋಗಿದ್ದ ಹಳಬರು. ಕಾರಣ ಸರಳ. ನಿನ್ನ ಪಿಎಚ್‌ಡಿ ಮಾರ್ಗದರ್ಶಕಿ ಮೇಡಂ, ನಿನ್ನ ಪ್ರಯೋಗಾಲಯದ ಗೆಳತಿಯರು, ನಾನು, ಅಪ್ಪ, ಶಿರಸಿಯ ಮಾವ, ನಮಗೆಲ್ಲ ಗೊತ್ತಿರುವುದು ನಿನಗೂ ಗೊತ್ತಿರುತ್ತದೆ. ಹೊಸ ಸುದ್ದಿ ಇರುವುದು ನಮ್ಮ ಜಗಲಿಯ ಆಚೆ.

ಲಿಂಕ್ಡ್‌ಇನ್‌ನವರೇ ಈ ಮಾತನ್ನು ಪರೀಕ್ಷೆಗೆ ಒಡ್ಡಿದ್ದಾರೆ. ‘ನಿಮಗೆ ಪರಿಚಯವಿರಬಹುದಾದವರು’ ಎಂದು ತೋರಿಸುವ ಪಟ್ಟಿಯನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಬದಲಿಸಿ, ಐದು ವರ್ಷಗಳ ಅವಧಿಯಲ್ಲಿ 2 ಕೋಟಿಗೂ ಹೆಚ್ಚು ಮಂದಿಯ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಜನರಿಗೆ ತಿಳಿಸದೆ ಮಾಡಿದರು ಎಂಬ ಟೀಕೆಯೂ ಬಂತು, ಅದು ನ್ಯಾಯವಾದದ್ದೇ. ಫಲಿತಾಂಶ ಮಾತ್ರ ಸ್ವಾರಸ್ಯಕರ: ಹೊಸ ಕೆಲಸಕ್ಕೆ ಹೆಚ್ಚು ನೆರವಾದವರು ತೀರ ಆಪ್ತರಲ್ಲ, ತೀರ ಅಪರಿಚಿತರೂ ಅಲ್ಲ, ಸುಮಾರು ಹತ್ತು ಮಂದಿ ಸಮಾನ ಪರಿಚಿತರಿರುವ ಮಧ್ಯದವರು. ಇನ್ನೊಂದು ವಿಷಯವನ್ನೂ ಅದು ಹೇಳಿದೆ. ಇಂಥ ದೂರದ ಪರಿಚಯ ಹೆಚ್ಚು ಫಲ ಕೊಟ್ಟದ್ದು ಡಿಜಿಟಲ್ ಉದ್ಯಮಗಳಲ್ಲಿ. ಅಷ್ಟಾಗಿ ಡಿಜಿಟಲ್ ಅಲ್ಲದ ಕಡೆ ಹತ್ತಿರದವರೇ ಹೆಚ್ಚು ಉಪಯೋಗಕ್ಕೆ ಬಂದರು. ನಿನ್ನದು ಕೆಸರು, ನೀರು, ಚಿಪ್ಪಿನ ವಿದ್ಯೆ. ಹಾಗಾಗಿ ಮೇಡಂ ಜೊತೆಗಿನ ಮುನಿಸು ಬೇಗ ಮುಗಿಸು. ನಿನ್ನ ಕೈಬರಹದ ಕ್ಷೇತ್ರ ಟಿಪ್ಪಣಿ ನೋಡಿ ಶಿಫಾರಸು ಬರೆಯಬಲ್ಲವರು ಅವರೊಬ್ಬರೇ.

ಮಧ್ಯದವರನ್ನು ಹುಡುಕುವುದು ಹೇಗೆ ಎಂದರೆ, ಲಿಂಕ್ಡ್‌ಇನ್‌ನ ನಿನ್ನ ವಿಶ್ವವಿದ್ಯಾಲಯದ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳ ವಿಭಾಗ ಇರುತ್ತದೆ. ಓದಿದ ವಿಷಯ, ಈಗಿರುವ ಊರು, ಕೆಲಸ ಮಾಡುವ ಸಂಸ್ಥೆ ಹೀಗೆ ಜರಡಿ ಹಿಡಿಯಬಹುದು. ಸಾಗರ ಜೀವಶಾಸ್ತ್ರ ಓದಿ ಕಾಲೇಜಿನ ಹೊರಗೆ ಹೋದವರು ಎಲ್ಲೆಲ್ಲಿ ನೆಲೆ ಕಂಡಿದ್ದಾರೆ ಎಂದು ನೋಡು. ಯಾರಿಗೂ ಬರೆಯದಿದ್ದರೂ ಸರಿ, ಆ ಪಟ್ಟಿ ಓದುವುದೇ ಒಂದು ಶಿಕ್ಷಣ. ನಂತರ ಒಬ್ಬರಿಗೆ ಬರೆ.

ಏನೆಂದು ಬರೆಯುವುದು? ಗ್ರಂಥಾಲಯಕ್ಕೆ ಬರುವ ಮಕ್ಕಳಲ್ಲಿ ‘ಸಮುದ್ರದ ಬಗ್ಗೆ ಪುಸ್ತಕ ಇದೆಯೇ ಮೇಡಂ’ ಎನ್ನುವವರಿಗೆ ನಾನು ಕಪಾಟು ತೋರಿಸಿ ಸುಮ್ಮನಾಗುತ್ತಿದ್ದೆ. ‘ಗಜನಿ ಗದ್ದೆಯ ಕಗ್ಗ ಭತ್ತ ಉಪ್ಪು ನೀರು ಹೇಗೆ ತಡೆಯುತ್ತದೆ, ಎಲ್ಲಿ ಸಿಗುತ್ತದೆ’ ಎಂದು ಕೇಳಿದವಳಿಗಾಗಿ ಊಟದ ಹೊತ್ತು ಮೀರಿದರೂ ಹುಡುಕುತ್ತಿದ್ದೆ. ನಿನ್ನ ಸಂದೇಶವೂ ಹಾಗಿರಲಿ. ನಾನು ಯಾರು, ನಿಮ್ಮ ಯಾವ ಕೆಲಸ ಓದಿದೆ, ಒಂದು ಪ್ರಶ್ನೆ, ಹದಿನೈದು ನಿಮಿಷ ಮಾತಾಡಲು ಆದೀತೇ. ಇಷ್ಟು ಸಾಕು. ಕೆಲಸ ಕೊಡಿ ಎಂದು ಮೊದಲ ಪತ್ರದಲ್ಲೇ ಕೇಳಬೇಡ. ಸ್ವವಿವರದ ಕಡತವನ್ನೂ ಅಂಟಿಸಬೇಡ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ ಬಿಟ್ಟುಬಿಡು. ಬಂದರೆ, ಅವರ ಸಲಹೆಯಿಂದ ಏನಾಯಿತು ಎಂದು ಕೆಲವು ತಿಂಗಳ ನಂತರ ತಿಳಿಸು. ಇದನ್ನು ಯಾರೂ ಮಾಡುವುದಿಲ್ಲ. ಮಾಡಿದವರನ್ನು ಯಾರೂ ಮರೆಯುವುದಿಲ್ಲ.

ಬರಹ ಹಾಕುವ ವಿಚಾರದಲ್ಲಿ ನನಗೆ ಅವಸರವಿಲ್ಲ. ತಿಂಗಳಿಗೊಂದು ಸಾಕು, ಅದೂ ಹೇಳಲು ಏನಾದರೂ ಇದ್ದರೆ. 2024ರ ಜನವರಿಯಲ್ಲಿ ನಮ್ಮ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಅಂಥ ಹೊತ್ತಿನಲ್ಲಿ ‘ಈ ಅಳಿವೆಯಲ್ಲಿ ಏನಿದೆ, ಯಾರು ಬದುಕುತ್ತಾರೆ’ ಎಂದು ನಾಲ್ಕು ಸಾಲು ಬರೆಯಲು ನಿನಗಿಂತ ಹಕ್ಕುದಾರರು ಬೇಕೇ? ಆದರೆ ಪ್ರಕಟವಾಗದ ಅಂಕಿಅಂಶವನ್ನು ಮೇಡಂ ಒಪ್ಪಿಗೆಯಿಲ್ಲದೆ ಹಾಕಬೇಡ. ಬಳಚು ಹೆಕ್ಕುವವರ ಮುಖ ಕಾಣುವ ಫೋಟೋವನ್ನು ಅವರನ್ನು ಕೇಳದೆ ಹಾಕಲೇಬೇಡ. ಅವರಿಂದ ಕಲಿತದ್ದನ್ನು ಅವರಿಂದ ಕಲಿತೆ ಎಂದೇ ಬರೆ. ಹೊನ್ನಾವರದ ಕಡೆ ಕಡಲಾಮೆ ಗೂಡು ಕಂಡರೆ ಜಾಗದ ಗುರುತು ಹಾಕಬೇಡ, ಒಳ್ಳೆಯವರಷ್ಟೇ ಅದನ್ನು ಓದುವುದಿಲ್ಲ. ಸಂಶೋಧಕರ ಜಾಲತಾಣ ರಿಸರ್ಚ್‌ಗೇಟ್‌ಗೆ ಪ್ರಬಂಧ ಏರಿಸುವ ಮುನ್ನ ಆ ಪತ್ರಿಕೆ ಯಾವ ಪ್ರತಿಯನ್ನು ಹಂಚಲು ಬಿಡುತ್ತದೆ ಎಂದು ನೋಡಿಕೋ. ಪ್ರಕಾಶಕರು ಅಚ್ಚುಕಟ್ಟು ಮಾಡಿದ ಕೊನೆಯ ಪ್ರತಿಯ ಹಕ್ಕು ಬಹಳ ಸಲ ಅವರದ್ದೇ ಆಗಿರುತ್ತದೆ. 2017ರಲ್ಲಿ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಎಂಬ ಪ್ರಕಾಶನ ಸಂಸ್ಥೆಗಳು ಇದೇ ವಿಷಯಕ್ಕೆ ಆ ತಾಣವನ್ನು ಕೋರ್ಟಿಗೆ ಎಳೆದಿದ್ದವು.

ಗಂಡಸರ ಸಂದೇಶಗಳ ಬಗ್ಗೆ ನೀನು ಹೇಳದಿದ್ದರೂ ನನಗೆ ಗೊತ್ತು. ಸಂಶೋಧನೆ ಬಿಟ್ಟು ನಿನ್ನ ಫೋಟೋ ಹೊಗಳುವವನಿಗೆ ನೀನು ಉತ್ತರದ ಋಣದಲ್ಲಿಲ್ಲ. ತಡೆಹಿಡಿ, ದೂರು ಒತ್ತು, ಮುಂದೆ ಹೋಗು. ಫೋನ್ ನಂಬರ್, ಹುಟ್ಟಿದ ದಿನ, ಒಬ್ಬಳೇ ಕ್ಷೇತ್ರಕ್ಕೆ ಹೋಗುವ ದಿನಾಂಕ ಇವು ಯಾವುವೂ ಅಲ್ಲಿ ಬೇಡ. ನೀನು ಯಾರ ಪುಟ ನೋಡಿದೆ ಎಂಬುದು ಅವರಿಗೆ ತಿಳಿಯುತ್ತದೆ. ಬೇಡವಾದರೆ ಗುರುತು ತೋರಿಸದ ಆಯ್ಕೆ ಒತ್ತಿಕೋ. ‘ನಿಮ್ಮ ಅಮೂಲ್ಯ ಪ್ರಬಂಧವನ್ನು ನಮ್ಮ ಪತ್ರಿಕೆಗೆ ಕಳಿಸಿ’ ಎಂದು ಹೊಗಳಿ ಕೊನೆಗೆ ಶುಲ್ಕ ಹೇಳುವವರು, ನೇಮಕಾತಿಗೆ ಮೊದಲು ನೋಂದಣಿ ಹಣ ಕೇಳುವವರು ಇಬ್ಬರೂ ಒಂದೇ ಬಳಗ. ಹಣ ಹೋಗಿಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ನನಗೆ ಆಮೇಲೆ ಹೇಳಿದರೂ ನಡೆಯುತ್ತದೆ.

ಮತ್ತೆ, ಬೇರೆಯವರಿಗೆ ಕೆಲಸ ಸಿಕ್ಕ ಸುದ್ದಿಗಳನ್ನು ರಾತ್ರಿ ಮಲಗಿ ಒಂದರ ಮೇಲೊಂದು ಓದಬೇಡ. ನಿರಾಕರಣೆಯ ಪತ್ರಗಳನ್ನು ಅಲ್ಲಿ ಯಾರೂ ತೂಗುಹಾಕುವುದಿಲ್ಲ. ವಾರಕ್ಕೆ ಒಂದು ಬೆಳಗು ಗೊತ್ತು ಮಾಡಿಕೋ, ಕಾಫಿ ಮುಗಿಯುವಷ್ಟರಲ್ಲಿ ಮುಗಿಸು, ಆಪ್ ಅನ್ನು ಮೊಬೈಲಿನಿಂದಲೇ ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು.

ಈ ಭಾನುವಾರದೊಳಗೆ ಆ 220 ಅಕ್ಷರ ಬರೆದು ಕಳಿಸು. ನಾನು ತಿದ್ದುತ್ತೇನೆ, ಅಪ್ಪ ಎಂದಿನಂತೆ ಎಲ್ಲವನ್ನೂ ‘ಚೆನ್ನಾಗಿದೆ’ ಎನ್ನುತ್ತಾರೆ. ಹೆಗಡೆಗೆ ‘ಎ’ ಬೇಕೋ ಬೇಡವೋ ಎಂಬುದನ್ನು ಮಾತ್ರ ನೀನೇ ನಿರ್ಧರಿಸು. ಒಮ್ಮೆ ನಿರ್ಧರಿಸಿದ ಮೇಲೆ ಬದಲಿಸಬೇಡ.

ನಿನ್ನ
ಆಯಿ