ಮೊಳೆ ಎರಕದ ಸೀಸ ಕೋವಿಗೆ ಬೇಡ

ಮಾನ್ಯ ಸಂಪಾದಕರೇ,

ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾಟದ ಬಗ್ಗೆ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದದ್ದನ್ನು ಓದಿದೆ. ಅಚ್ಚುಕೂಟದ ಎರಕದಲ್ಲಿ ಉಳಿದ ಸೀಸ ಸಿಕ್ಕರೆ ಮನೆಯಲ್ಲೇ ಚರೆ (ಕೋವಿಯ ಸಣ್ಣ ಗುಂಡು) ಮಾಡಿಕೊಂಡು ತೋಟೆಯ (ಕಾಡತೂಸಿನ) ಖರ್ಚು ಉಳಿಸಬಹುದು ಎಂದು ಕೊನೆಗೊಂದು ಸಲಹೆಯನ್ನೂ ಅವರು ಕೊಟ್ಟಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಮುಂಬೈನ ಗಿರಗಾಂವಿನ ಅಚ್ಚುಕೂಟವೊಂದರಲ್ಲಿ ಮೊಳೆ, ಅಂದರೆ ಮುದ್ರಣಕ್ಕೆ ಜೋಡಿಸುವ ಲೋಹದ ಅಕ್ಷರಗಳ ಎರಕ ಹೊಯ್ಯುತ್ತಲೇ ಕೂದಲು ನರೆತವನು ನಾನು. ಸೀಸದ ಮಾತು ಬಂದಾಗ ಸುಮ್ಮನಿರಲಾಗುವುದಿಲ್ಲ.

ಇದೇ ಬೇಡಿಕೆ ನನ್ನ ಮನೆಗೂ ಬಂದಿತ್ತು. ಮೊಳೆಯಿಲ್ಲದೆ ಮುದ್ರಿಸುವ ಆಫ್‌ಸೆಟ್ ಬಂದು ನಮ್ಮ ಕೆಲಸ ನಿಂತಾಗ ಧಣಿಗಳು ಬಾಕಿ ಸಂಬಳಕ್ಕೆ ಬದಲಾಗಿ ಒಂದು ಮೂಟೆ ಸೀಸ ಕೊಟ್ಟು ಕೈತೊಳೆದುಕೊಂಡಿದ್ದರು. ಡೊಂಬಿವಲಿಯ ಮನೆಯಲ್ಲಿ ಅದು ಮಂಚದ ಕೆಳಗಿತ್ತು. ಶಿರಸಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ತಂಗಿಯ ಮಗ ಫೋನ್ ಮಾಡಿ, "ಮಾವ, ಆ ಸೀಸ ಇನ್ನು ಯಾರಿಗೆ ಬೇಕು? ಬಸ್ಸಿಗೆ ಹಾಕಿ ಕಳಿಸಿ, ಚರೆಗಾಗುತ್ತದೆ" ಎಂದ. ಅವನ ಕೋವಿಗೆ ಲೈಸೆನ್ಸ್ ಇದೆ. ಕೊಡುವುದಿಲ್ಲ ಎಂದೆ. ಜಿಪುಣ ಎಂದುಕೊಂಡಿರಬೇಕು.

ಮೊಳೆ ಅಚ್ಚಿನಿಂದ ಈಚೆ ಬಂದಾಗ ಬುಡದಲ್ಲೊಂದು ಬಾಲ ಅಂಟಿಕೊಂಡಿರುತ್ತದೆ. ಅದನ್ನು ಪಟಕ್ಕನೆ ಮುರಿದು ಪಕ್ಕದ ಡಬ್ಬಕ್ಕೆ ಎಸೆಯುವುದು, ಸಂಜೆಗೆ ಡಬ್ಬವನ್ನು ಮತ್ತೆ ಬಾಣಲೆಗೆ ಸುರಿಯುವುದು ನಮ್ಮ ರೂಢಿ. ಸೀಸದ ಒಂದು ಚೂರೂ ಬಾಗಿಲು ದಾಟುತ್ತಿರಲಿಲ್ಲ. ಅದು ಬರೀ ಸೀಸವೂ ಅಲ್ಲ, ಆಂಟಿಮನಿ ಮತ್ತು ತವರ ಬೆರೆತದ್ದು. ಆಂಟಿಮನಿಯಿಂದ ಗಟ್ಟಿತನ ಬರುತ್ತದೆ, ತಣಿಯುವಾಗ ಲೋಹ ಕುಗ್ಗುವುದು ಕಡಿಮೆಯಾಗುತ್ತದೆ. ಕನ್ನಡದ ತಲೆಕಟ್ಟು, ಒತ್ತಕ್ಷರದ ಬಾಗು ಅಷ್ಟು ಚೂಪಾಗಿ ಮೂಡುತ್ತಿದ್ದುದು ಅದರಿಂದಲೇ. 1869ರಲ್ಲಿ ಜಾವಜಿ ದಾದಾಜಿ ನಿರ್ಣಯಸಾಗರ ಪ್ರೆಸ್ ಕಟ್ಟಿದ ಈ ಊರಿನಲ್ಲಿ ಎರಕದವರಿಗೆ ಒಂದು ಕಾಲಕ್ಕೆ ಒಳ್ಳೆಯ ಮರ್ಯಾದೆಯೂ ಇತ್ತು. ಇರಲಿ, ಅದು ಬೇರೆ ಕಥೆ.

ಸೀಸ ಕರಗಿಸಲು ಬಂದವರೆಲ್ಲ ಚರೆ ಮಾಡಲಾರರು. 1782ರಲ್ಲಿ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ ಪೇಟೆಂಟ್ ಪಡೆದ ಕ್ರಮದಲ್ಲಿ, ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬಿಡುತ್ತಿದ್ದರು. ಹನಿ ಬೀಳುತ್ತ ಬೀಳುತ್ತಲೇ ದುಂಡಗಾಗಿ ಗಟ್ಟಿಯಾಗಲಿ ಎಂದು ಗೋಪುರಗಳನ್ನೇ ಕಟ್ಟಿದರು. ನಮ್ಮ ಡಬ್ಬದಲ್ಲಿದ್ದದ್ದು ಮೂಲೆ ಮುರಿದ, ಸೊಟ್ಟಗಾದ ಬಾಲಗಳು. ಅಂಥದ್ದು ನಳಿಗೆಯಿಂದ ಹೊರಟರೆ ಒಂದೊಂದು ಚೂರು ಒಂದೊಂದು ದಿಕ್ಕು. ಹಂದಿ ಗಾಯಗೊಂಡು ಇನ್ನೊಬ್ಬರ ತೋಟದಲ್ಲಿ ನರಳಿ ಸಾಯುತ್ತದೆ, ಇಲ್ಲವೇ ಚೂರು ಪಕ್ಕದ ಬೇಲಿಯವರ ಕಣ್ಣಿಗೇ ಹೊಡೆಯುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಭಯ ಅಡುಗೆಮನೆಯ ಒಲೆಯದು. ಸೀಸ ಕರಗುವುದು 327 ಡಿಗ್ರಿಯಲ್ಲಿ. ಮಳೆಗಾಲದಲ್ಲೊಮ್ಮೆ ನಮ್ಮ ಹುಡುಗನೊಬ್ಬ ಒದ್ದೆ ಮೊಳೆಗಳನ್ನು ನೇರ ಬಾಣಲೆಗೆ ಹಾಕಿದ. ನೀರು ಆವಿಯಾಗಿ ಸಿಡಿದು ಸೀಸ ಅವನ ಮುಂಗೈ ಮೇಲೆ ಅಂಟಿಕೊಂಡಿತು. ಬಿಡಿಸಿದಾಗ ಚರ್ಮವೂ ಜೊತೆಗೇ ಬಂತು. ಸುಟ್ಟದ್ದಾದರೂ ಕಣ್ಣಿಗೆ ಕಾಣುತ್ತದೆ. ಜನ ಹೊಗೆಗೆ ಹೆದರುತ್ತಾರೆ, ಧೂಳಿಗೆ ಹೆದರುವುದಿಲ್ಲ. ಬಾಣಲೆಯ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವನ್ನು ಸೌಟಿನಲ್ಲಿ ತೆಗೆದು ಹಾಕುತ್ತೇವಲ್ಲ, ಅದು ಒಣಗಿದರೆ ನುಣ್ಣನೆ ಪುಡಿ. ಅಂಗಿಗೆ, ಉಗುರಿಗೆ, ಜಗಲಿಗೆ ಹತ್ತಿ ಅಲ್ಲಿಂದ ಮಗುವಿನ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಅದು ಮೂಳೆಯಲ್ಲಿ ಸೇರಿ ವರ್ಷಗಟ್ಟಲೆ ಕೂರುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಿಷ ಇಳಿಯುತ್ತದೆಂದು ನಮಗೆ ದಿನಾ ಬೆಲ್ಲ, ಬಾಳೆಹಣ್ಣು ಕೊಡುತ್ತಿದ್ದರು. ತಿನ್ನಲು ಚೆನ್ನಾಗಿರುತ್ತಿತ್ತು, ಅಷ್ಟೇ.

ಬೇಟೆಗೆ ಅನುಮತಿ ಇರುವ ಅಮೆರಿಕದಲ್ಲೇ 1991ರಿಂದ ನೀರುಹಕ್ಕಿಗಳ ಮೇಲೆ ಸೀಸದ ಚರೆ ಹಾರಿಸುವಂತಿಲ್ಲ. ಕಾಳು ಅರೆಯಲೆಂದು ಸಣ್ಣ ಕಲ್ಲು ನುಂಗುವ ಬಾತುಗಳು ಕೆಸರಿನಲ್ಲಿ ಉಳಿದ ಚರೆಯನ್ನೂ ನುಂಗಿ ಸಾಯುತ್ತಿದ್ದವು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನೇ ನಿಷೇಧಿಸಿದೆ. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಮದ್ದುಗುಂಡು ತಯಾರಿಸುವ ಹಕ್ಕು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಅದಕ್ಕೆ ಬೇರೆಯೇ ಪರವಾನಗಿ ಬೇಕು. 12 ಬೋರಿನ ತೋಟೆಗಳು ಇಲ್ಲೇ ಪುಣೆಯ ಖಡಕಿ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಲೈಸೆನ್ಸ್ ಇದ್ದವರಿಗೆ ಅವು ತಾಲ್ಲೂಕಿನಲ್ಲಿ ಸಲೀಸಾಗಿ ಸಿಗುವುದಿಲ್ಲ, ಬೆಳೆ ಹಾನಿಯ ಪರಿಹಾರ ಹೊತ್ತಿಗೆ ಬರುವುದಿಲ್ಲ ಎನ್ನುವುದಾದರೆ ಆ ಬಗ್ಗೆ ಗಟ್ಟಿಯಾಗಿ ಬರೆಯಲಿ, ನಾನೂ ಸಹಿ ಹಾಕುತ್ತೇನೆ.

ಮುಂಬೈ, ಪುಣೆಯ ಹಳೆಯ ಅಚ್ಚುಕೂಟದವರಲ್ಲಿ ಒಂದು ವಿನಂತಿ. ಅಟ್ಟದಲ್ಲಿರುವ ಮೊಳೆ, ಎರಕದ ಚೂರುಗಳನ್ನು ಗಲ್ಲಿಯ ಗುಜರಿಯವನಿಗೆ ತೂಗಿ ಕೊಡಬೇಡಿ, ಅವನು ಅಲ್ಲೇ ಬೀದಿಯಲ್ಲಿ ಕರಗಿಸುತ್ತಾನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸೀಸದ ಮರುಬಳಕೆ ಘಟಕಕ್ಕೆ ಕೊಡಿ. ದರ ಒಂದಿಷ್ಟು ಕಡಿಮೆ ಸಿಗಬಹುದು. ನನ್ನ ಮೂಟೆಯೂ ಅಲ್ಲಿಗೇ ಹೋಯಿತು.

— ನಿವೃತ್ತ ಮೊಳೆ ಎರಕದವ, ಡೊಂಬಿವಲಿ (ಪೂರ್ವ)