‘ಬೇಸ್ ಸರಿಯಿಲ್ಲ’ ಎಂದು ಮಕ್ಕಳನ್ನು ಹೊರಗೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ನಿವೃತ್ತ ಪ್ರಾಂಶುಪಾಲರೊಬ್ಬರು ಸರ್ಕಾರಿ ಪದವಿ ಕಾಲೇಜಿಗೆ ಬರುವ ಮಕ್ಕಳ ಬಗ್ಗೆ ಬರೆದಿದ್ದರು. ಬಿ.ಕಾಂ. ಸೇರಿದವರಿಗೆ ಶೇಕಡಾ ಲೆಕ್ಕ ಬರುವುದಿಲ್ಲ, ನಾಲ್ಕು ಸಾಲು ತಪ್ಪಿಲ್ಲದೆ ಬರೆಯಲು ಆಗುವುದಿಲ್ಲ. ಆದ್ದರಿಂದ ಪ್ರವೇಶಕ್ಕೆ ಮುಂಚೆ ಒಂದು ಪರೀಕ್ಷೆ ಇಡಬೇಕು, ಕಡಿಮೆ ಬಂದವರನ್ನು ಒಂದು ವರ್ಷ ಫೌಂಡೇಷನ್ ಕೋರ್ಸಿಗೆ ಹಾಕಿ ಆಮೇಲೆ ಪದವಿಗೆ ಬಿಡಬೇಕು ಎಂಬುದು ಅವರ ಸಲಹೆ. ರೋಗ ಅವರು ಹೇಳಿದ್ದೇ. ನನ್ನ ತಕರಾರು ಮದ್ದಿನ ಬಗ್ಗೆ. ಆ ಮದ್ದನ್ನು ಇಪ್ಪತ್ತು ವರ್ಷ ನಾನೇ ಕೈಯಾರೆ ಕುಡಿಸಿ ಬಂದವಳು.

ನಾನು ತಿಪಟೂರಿನವಳು. ಗಂಡನ ಕೆಲಸದ ಬೆನ್ನು ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ 2001ರಿಂದ 2021ರವರೆಗೆ ಗಣಿತ ಪಾಠ ಮಾಡಿದೆ. ಕಾಯಂ ಅಲ್ಲ, ಅರೆಕಾಲಿಕ. ಇಲ್ಲಿಯ ಅತಿಥಿ ಉಪನ್ಯಾಸಕರ ಪಾಡು ಏನೋ ಅದೇ. ಬೆಳಿಗ್ಗೆ ಒಂದು ಕಾಲೇಜು, ಸಂಜೆ ಇನ್ನೊಂದು, ನಡುವೆ ಕಾರಿನಲ್ಲಿ ಊಟ. ನಮ್ಮಂಥವರನ್ನು ಅಲ್ಲಿ ‘ಫ್ರೀವೇ ಫ್ಲೈಯರ್’, ಅಂದರೆ ಹೆದ್ದಾರಿಯಲ್ಲಿ ಹಾರುವವರು, ಎಂದು ಕರೆಯುತ್ತಾರೆ. ಹೆಸರು ಚೆನ್ನಾಗಿದೆ, ಸಂಬಳ ಅಷ್ಟು ಚೆನ್ನಾಗಿರಲಿಲ್ಲ.

ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಇವೆ. ಹದಿನೆಂಟು ತುಂಬಿದ ಯಾರು ಬಂದರೂ ಬಾಗಿಲು ತೆರೆದಿರುತ್ತದೆ, ಅಂಕಪಟ್ಟಿ ನೋಡಿ ವಾಪಸು ಕಳಿಸುವಂತಿಲ್ಲ. ಎರಡು ವರ್ಷ ಇಲ್ಲಿ ಓದಿ, ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ನೇರವಾಗಿ ಹೋಗಬಹುದು. ಆ ರಾಜ್ಯದವರಿಗೆ ಶುಲ್ಕ ಯೂನಿಟ್ಟಿಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್ಟಿಗೆ, 46 ಡಾಲರ್, ಆ ದೇಶದ ಮಟ್ಟಿಗೆ ತೀರ ಅಗ್ಗ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬರುವ ತಾಯಂದಿರು, ಸೈನ್ಯದಿಂದ ವಾಪಸಾದವರು, ಶಾಲೆ ಬಿಟ್ಟು ಹದಿನೈದು ವರ್ಷವಾದವರು ಎಲ್ಲರೂ ನನ್ನ ತರಗತಿಯಲ್ಲಿ ಕೂತಿದ್ದಾರೆ.

ಬಾಗಿಲೇನೋ ತೆರೆದಿತ್ತು, ಒಳಗೆ ಒಂದು ಏಣಿ ಇತ್ತು. ಸೇರಿದ ದಿನವೇ ಕಂಪ್ಯೂಟರ್ ಮುಂದೆ ಪ್ಲೇಸ್‌ಮೆಂಟ್ ಪರೀಕ್ಷೆ, ಅಂದರೆ ಯಾವ ಮಟ್ಟದ ತರಗತಿಗೆ ಹಾಕಬೇಕು ಎಂದು ತೀರ್ಮಾನಿಸುವ ಪರೀಕ್ಷೆ. ಅದು ಏತಕ್ಕೆ ಎಂದು ಎಷ್ಟೋ ಜನಕ್ಕೆ ಗೊತ್ತೇ ಇರುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ಇಪ್ಪತ್ತು ನಿಮಿಷದಲ್ಲಿ ಗುಂಡಿ ಒತ್ತಿ ಎದ್ದುಹೋಗುತ್ತಿದ್ದರು. ಆ ಇಪ್ಪತ್ತು ನಿಮಿಷದ ಮೇಲೆ ಅವರ ಎರಡು ವರ್ಷ ತೀರ್ಮಾನವಾಗುತ್ತಿತ್ತು. ಅಂಕಗಣಿತ, ಪ್ರಿ-ಆಲ್ಜೀಬ್ರಾ, ಎಲಿಮೆಂಟರಿ ಆಲ್ಜೀಬ್ರಾ, ಇಂಟರ್ಮೀಡಿಯೇಟ್ ಆಲ್ಜೀಬ್ರಾ, ಹೀಗೆ ನಾಲ್ಕು ಮೆಟ್ಟಿಲು. ಸೆಮಿಸ್ಟರಿಗೆ ಒಂದು. ನಾಲ್ಕನ್ನೂ ಹತ್ತಿದ ಮೇಲೆ ಸಂಖ್ಯಾಶಾಸ್ತ್ರವೋ ಕಾಲೇಜ್ ಆಲ್ಜೀಬ್ರಾವೋ, ವಿಶ್ವವಿದ್ಯಾಲಯ ಒಪ್ಪುವ ಮೊದಲ ಗಣಿತ. ಇದಕ್ಕೆಲ್ಲ ಸೇರಿ ‘ಬೇಸಿಕ್ ಸ್ಕಿಲ್ಸ್’ ಎಂದು ಹೆಸರು. ನಮ್ಮ ಪ್ರಾಂಶುಪಾಲರ ಫೌಂಡೇಷನ್ ಕೋರ್ಸೇ ಇದು, ಒಂದು ವರ್ಷದ ಬದಲು ಎರಡು.

ಒಬ್ಬರ ಕತೆ ಹೇಳುತ್ತೇನೆ. ವಯಸ್ಸು ನಲವತ್ತರ ಆಸುಪಾಸು. ಮನೆಗಳ ಒಳಗೋಡೆಗೆ ಜಿಪ್ಸಮ್ ಹಲಗೆ ಹೊಡೆಯುವ ಕೆಲಸ. ಪರೀಕ್ಷೆ ಅವರನ್ನು ತಳದ ಮೆಟ್ಟಿಲಿಗೆ, ಅಂಕಗಣಿತಕ್ಕೆ ಹಾಕಿತ್ತು. ಮೊದಲ ಕಿರುಪರೀಕ್ಷೆಯಲ್ಲಿ 1/2 ಮತ್ತು 5/8 ಕೂಡಿಸಿ 6/10 ಎಂದು ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಾನು ಕೆಂಪು ಗೀಟು ಎಳೆದು ಲ.ಸಾ.ಅ. ಪಾಠ ಶುರು ಮಾಡುವವಳಿದ್ದೆ. ಏನನ್ನಿಸಿತೋ, ಅವರ ಸೊಂಟದಲ್ಲಿ ನೇತಾಡುತ್ತಿದ್ದ ಟೇಪು ನೋಡಿ ಕೇಳಿದೆ: “ಅರ್ಧ ಇಂಚಿನ ಹಲಗೆ ಮೇಲೆ ಐದೆಂಟನೇ ಇಂಚಿನ ಹಲಗೆ ಹೊಡೆದರೆ ದಪ್ಪ ಎಷ್ಟು ಬರುತ್ತದೆ?” ರೆಪ್ಪೆ ಮಿಟುಕಿಸುವಷ್ಟರಲ್ಲಿ ಉತ್ತರ: “ಒಂದು ಇಂಚು, ಮೇಲೆ ಒಂದು ಎಂಟನೇ ಭಾಗ, ಮಿಸ್.” ಆಮೇಲೆ ತಾವು ಬರೆದ 6/10ನ್ನು ನೋಡಿದರು. ಬಹಳ ಹೊತ್ತು ನೋಡಿದರು. “ಇದು ಒಂದು ಇಂಚೂ ಇಲ್ಲವಲ್ಲ” ಎಂದರು.

ಅವರಿಗೆ ಭಿನ್ನರಾಶಿ ಬರುತ್ತಿರಲಿಲ್ಲ ಎನ್ನೋಣವೇ? ಕೈಗೆ ಬರುತ್ತಿತ್ತು, ಕಾಗದಕ್ಕೆ ಬರುತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ವಾರದ ಕೆಲಸ. ನಾವು ಅವರಿಗೆ ಕೊಟ್ಟದ್ದು ನಾಲ್ಕು ಸೆಮಿಸ್ಟರ್. ಅಂಕಗಣಿತದಲ್ಲಿ ಎ ಗ್ರೇಡ್ ಬಂತು, ಮುಂದಿನದರಲ್ಲೂ ಪಾಸಾದರು. ಮೂರನೇ ಸೆಮಿಸ್ಟರಿನ ಹಾಜರಿ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕೆಲಸ ಬೇರೆ ಊರಿಗೆ ಹೋಗಿತ್ತಂತೆ. ನಪಾಸಾಗಿ ಹೋದವರಿಗಿಂತ ಹೀಗೆ ನಪಾಸಾಗದೆಯೇ ಜಾರಿಹೋದವರು ಹೆಚ್ಚು ಎಂದು ಮುಂದೆ ಸಂಶೋಧನೆಗಳೂ ಹೇಳಿದವು. ನನಗೆ ಆಗ ಅದು ಹೊಳೆಯಲಿಲ್ಲ. ಪಾಸಾದರಲ್ಲ, ನನ್ನ ಪಾಠ ಚೆನ್ನಾಗಿದೆ ಎಂದುಕೊಂಡಿದ್ದೆ.

ಗಣಿತದ ಮೇಷ್ಟರುಗಳಾದ ನಾವೇ ಲೆಕ್ಕ ಹಾಕಿ ನೋಡಿರಲಿಲ್ಲ ಎಂಬುದು ನಾಚಿಕೆಯ ಮಾತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಲಕೋಟೆಯ ಹಿಂಭಾಗದಲ್ಲಿ ಬರೆದು ತೋರಿಸಿದರು. ಪ್ರತಿ ಮೆಟ್ಟಿಲಲ್ಲಿ ನೂರಕ್ಕೆ ಎಪ್ಪತ್ತು ಜನ ಪಾಸಾಗುತ್ತಾರೆ, ಪಾಸಾದವರಲ್ಲಿ ನೂರಕ್ಕೆ ಎಂಬತ್ತು ಜನ ಮುಂದಿನದಕ್ಕೆ ಸೇರುತ್ತಾರೆ ಎಂದುಕೊಳ್ಳಿ. ಇದು ಉದಾರವಾದ ಅಂದಾಜೇ. ನೂರು ಜನ ಹೊರಟರು. 70 ಪಾಸು, 56 ಮುಂದಕ್ಕೆ. ಅದರಲ್ಲಿ 39 ಪಾಸು, 31 ಮುಂದಕ್ಕೆ. ಆಮೇಲೆ 22, 18. ಆಮೇಲೆ 12, 10. ಕೊನೆಗೆ ಪದವಿಗೆ ಎಣಿಕೆಯಾಗುವ ಗಣಿತ ಮುಗಿಸಿದವರು 7. ಯಾರ ಪಾಠವೂ ಕೆಟ್ಟದ್ದಲ್ಲ, ಯಾವ ವಿದ್ಯಾರ್ಥಿಯೂ ಸೋಮಾರಿಯಲ್ಲ. ಆದರೂ ನೂರು ಏಳಾಯಿತು. ಪ್ರತಿ ಮೆಟ್ಟಿಲಲ್ಲಿ ಪಾಠ ಇನ್ನಷ್ಟು ಸುಧಾರಿಸಿ ಎಪ್ಪತ್ತನ್ನು ಎಂಬತ್ತು ಮಾಡಿದರೂ ಏಳು ಹದಿಮೂರಾಗುತ್ತದೆ, ಅಷ್ಟೇ. ತೂತು ಇದ್ದದ್ದು ಮೆಟ್ಟಿಲುಗಳ ಸಂಖ್ಯೆಯಲ್ಲಿ.

2006–07ರಲ್ಲಿ ರಾಜ್ಯವು ‘ಬೇಸಿಕ್ ಸ್ಕಿಲ್ಸ್ ಇನಿಷಿಯೇಟಿವ್’ ಎಂದು ಹಣ ಬಿಟ್ಟಾಗ ನಾವು ಮಾಡಿದ್ದು ಮೆಟ್ಟಿಲಿಗೆ ಬಣ್ಣ ಬಳಿಯುವ ಕೆಲಸವನ್ನೇ. ಟ್ಯೂಟರಿಂಗ್ ಕೇಂದ್ರ, ಕಾರ್ಯಾಗಾರ, ಗೋಡೆಗೆ ಪೋಸ್ಟರು. ಕೆಲವು ಒಳ್ಳೆಯದೂ ಆಯಿತು, ಇಲ್ಲವೆನ್ನಲಾರೆ. ಆ ಪ್ಲೇಸ್‌ಮೆಂಟ್ ಪರೀಕ್ಷೆಯ ಗತಿ ಏನಾಯಿತು ಎಂದರೆ, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರ 2012ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಇಂಥ ಪರೀಕ್ಷೆಗಳು ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರನ್ನು, ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರನ್ನು ತೀರ ತಪ್ಪು ಜಾಗಕ್ಕೆ ಹಾಕುತ್ತಿದ್ದವು. ಹೈಸ್ಕೂಲಿನ ಸರಾಸರಿ ಗ್ರೇಡೇ ಅದಕ್ಕಿಂತ ನಂಬಿಕೆಗೆ ಅರ್ಹ ಎಂದಾಯಿತು.

2017ರಲ್ಲಿ ಎ.ಬಿ. 705 ಎಂಬ ಕಾನೂನು ಬಂತು. ವಿದ್ಯಾರ್ಥಿ ನೇರವಾಗಿ ಪದವಿ ಮಟ್ಟದ ಕೋರ್ಸಿಗೆ ಸೇರಿದರೆ ಪಾಸಾಗುವ ಸಾಧ್ಯತೆ ತೀರ ಕಡಿಮೆ ಎಂದು ತೋರಿಸದ ಹೊರತು ಹಿಂದಿನ ಮೆಟ್ಟಿಲಿಗೆ ಹಾಕುವಂತಿಲ್ಲ. ಒಂದು ವರ್ಷದೊಳಗೆ ಅವನು ಪದವಿ ಮಟ್ಟದ ಗಣಿತ, ಇಂಗ್ಲಿಷ್ ಮುಗಿಸುವ ಸಾಧ್ಯತೆ ಹೆಚ್ಚುವಂತೆ ಸೇರಿಸಿಕೊಳ್ಳಬೇಕು. 2019ರ ಹೊತ್ತಿಗೆ ಎಲ್ಲ ಕಾಲೇಜುಗಳೂ ಜಾರಿ ಮಾಡಬೇಕಾಯಿತು. ವಿರೋಧಿಸಿದವರಲ್ಲಿ ನಾನೂ ಒಬ್ಬಳು. ಈಜು ಬಾರದವರನ್ನು ಬಾವಿಗೆ ತಳ್ಳುತ್ತಿದ್ದಾರೆ ಎಂದು ಸಭೆಯಲ್ಲಿ ಕೂಗಾಡಿದ್ದೆ. ಇನ್ನೊಂದು ಕಾರಣವೂ ಇತ್ತು, ಈಗ ಹೇಳಿದರೆ ತಪ್ಪಿಲ್ಲ: ಆ ಕೆಳಗಿನ ಮೆಟ್ಟಿಲುಗಳ ಪಾಠವೇ ನಮ್ಮಂಥ ಅರೆಕಾಲಿಕರ ಅನ್ನ.

ಆ ವರ್ಷ ನನಗೆ ಸಿಕ್ಕಿದ್ದು ಸಂಖ್ಯಾಶಾಸ್ತ್ರ, ಜೊತೆಗೆ ಅದೇ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಗಂಟೆ ‘ಜೊತೆ ತರಗತಿ’. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ಹುಡುಗಿ ಇದ್ದಳು. 0.05 ಎಂದರೆ ನೂರಕ್ಕೆ ಐದು ಎಂಬುದು ಅವಳಿಗೆ ತಿಳಿಯದು. ಹಳೆಯ ಪದ್ಧತಿಯಲ್ಲಿ ಅವಳಿಗೆ ದಶಾಂಶದ ಅಧ್ಯಾಯ ಪೂರ್ತಿ, ಜೊತೆಗೆ ಅವಳು ಎಂದೂ ಮುಟ್ಟದ ಇನ್ನೂ ಹತ್ತು ಅಧ್ಯಾಯ. ಈಗ ಬೆಳಗಿನ ಪಾಠದಲ್ಲಿ 0.05 ಬಂತು, ಮಧ್ಯಾಹ್ನದ ಜೊತೆ ತರಗತಿಯಲ್ಲಿ ಹದಿನೈದು ನಿಮಿಷ ಅದನ್ನೇ ತಿಕ್ಕಿದೆವು, ಮರುದಿನ ಅವಳು ಅದನ್ನು ಬಳಸಿದಳು. ಬೇಕಾದ ಹೊತ್ತಿಗೆ ಬೇಕಾದಷ್ಟು. ಒಗ್ಗರಣೆಗೆ ಸಾಸಿವೆ ಇಲ್ಲವೆಂದರೆ ಪಕ್ಕದ ಮನೆಯಿಂದ ತಂದು ಹಾಕುತ್ತೇವೆಯೇ ಹೊರತು ಒಂದು ವರ್ಷ ಅಡುಗೆ ನಿಲ್ಲಿಸುತ್ತೇವೆಯೇ?

ಎಲ್ಲವೂ ಸುಖಾಂತವಾಯಿತು ಎಂದು ತಿಳಿಯಬೇಡಿ. ಆ ಸೆಮಿಸ್ಟರ್ ನನ್ನ ತರಗತಿಯಲ್ಲಿ ಮೂರನೇ ಒಂದು ಭಾಗ ಉಳಿಯಲಿಲ್ಲ. ರಾಜ್ಯದಲ್ಲೂ ಮೊದಲ ವರ್ಷವೇ ಪದವಿ ಮಟ್ಟದ ಗಣಿತ ಮುಗಿಸಿದವರ ಸಂಖ್ಯೆ ಬಹಳ ಏರಿತು, ಹಾಗೆಯೇ ಆ ತರಗತಿಗಳಲ್ಲಿ ನಪಾಸಾಗುವವರ ಪ್ರಮಾಣವೂ ಏರಿತು. ಎರಡೂ ನಿಜ. ಜೊತೆ ತರಗತಿಗೆ ಕಾಸು ಬಿಚ್ಚದೆ ಬರೀ ನೇರ ಪ್ರವೇಶ ಕೊಟ್ಟ ಕಡೆ ಅದು ಬಾವಿಗೆ ತಳ್ಳಿದ್ದೇ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಶುರು ಮಾಡಿದ ‘ಎಎಸ್‌ಎಪಿ’ ಯೋಜನೆ ಈ ವಿಷಯದಲ್ಲಿ ಧಾರಾಳಿ. ಪೂರ್ಣಾವಧಿ ಓದಬೇಕು ಎಂಬ ಷರತ್ತು ಹಾಕಿ, ಶುಲ್ಕದ ಕೊರತೆ ತುಂಬಿ, ಪುಸ್ತಕಕ್ಕೆ ನೆರವು ಕೊಟ್ಟು, ಮೆಟ್ರೋ ಕಾರ್ಡು ಉಚಿತವಾಗಿ ಕೊಟ್ಟು, ಕೆಲವೇ ವಿದ್ಯಾರ್ಥಿಗಳಿಗೆ ಒಬ್ಬರಂತೆ ಸಲಹೆಗಾರರನ್ನು ಇಟ್ಟರು. ಯಾರನ್ನು ಸೇರಿಸಬೇಕು ಎಂದು ಲಾಟರಿ ಎತ್ತಿ, ಸೇರಿದವರನ್ನು ಹೊರಗುಳಿದವರ ಜೊತೆ ಹೋಲಿಸಿ ನೋಡಿದಾಗ, ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಹೊರಗುಳಿದವರಲ್ಲಿ 22 ಪ್ರತಿಶತ, ಸೇರಿದವರಲ್ಲಿ 40 ಪ್ರತಿಶತ. ಅದರಲ್ಲಿ ಬಹುತೇಕರು ‘ಬೇಸ್ ಇಲ್ಲದವರು’ ಎಂಬ ಹಣೆಪಟ್ಟಿಯವರೇ.

ಈಗ ನಮ್ಮ ಊರಿಗೆ ಬರುತ್ತೇನೆ. ಅಮ್ಮನನ್ನು ನೋಡಿಕೊಳ್ಳಲು ವಾಪಸು ಬಂದ ಮೇಲೆ, ಪಕ್ಕದ ಬೀದಿಯ ಒಬ್ಬ ಹುಡುಗಿ ಸಂಜೆ ನಮ್ಮ ಜಗುಲಿಗೆ ಬರುತ್ತಾಳೆ. ಮೊದಲ ವರ್ಷದ ಬಿ.ಕಾಂ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಅವಳ ತಾಯಿ ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುತ್ತಾರೆ, ಮಹಿಳಾ ಸಂಘದ ಲೆಕ್ಕದ ಪುಸ್ತಕ ಬರೆಯುವವಳು ಇವಳೇ. ಮೊನ್ನೆ ಡಿಪ್ರಿಸಿಯೇಷನ್ ಲೆಕ್ಕ ತಂದಳು: 80,000 ರೂಪಾಯಿಯ ಯಂತ್ರ, ವರ್ಷಕ್ಕೆ 10 ಪರ್ಸೆಂಟ್, ರಿಟನ್ ಡೌನ್ ವ್ಯಾಲ್ಯೂ ವಿಧಾನ. ಎರಡು ವರ್ಷವೂ 8,000 ಕಳೆದಿದ್ದಳು. “ನಮಗೆ ಬೇಸೇ ಇಲ್ಲ ಆಂಟಿ, ಸರ್ ಹೇಳಿದಾರೆ” ಎಂದಳು. ನಾನು ಕೇಳಿದೆ: “ಸಂಘದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಲ್ವಾ? ಸಾಲದಲ್ಲಿ ಒಂದು ಕಂತು ಅಸಲು ಕಟ್ಟಿದ ಮೇಲೆ ಬಡ್ಡಿ ಯಾವುದರ ಮೇಲೆ ಹಾಕ್ತೀಯ?” “ಉಳಿದಿದ್ದರ ಮೇಲೆ.” “ಇದೂ ಉಳಿದಿದ್ದರ ಮೇಲೆ. ಡಿಪ್ರಿಸಿಯೇಷನ್ ಅಂದ್ರೆ ಸವಕಳಿ.” ಸುಮ್ಮನೆ ಪುಸ್ತಕ ತಿರುಗಿಸಿಕೊಂಡು 72,000 ಎಂದು ಬರೆದು, ಅದರ ಹತ್ತರಲ್ಲೊಂದು 7,200 ಕಳೆದು, 64,800 ಎಂದು ಬರೆದಳು. ‘ಸವಕಳಿ’ ಎಂಬ ಮಾತನ್ನು ಆ ಮಗುವಿಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ನಾನೇನೂ ಸಮಸ್ಯೆ ಸಣ್ಣದು ಎನ್ನುತ್ತಿಲ್ಲ. ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ 2023ರ ವರದಿಯಲ್ಲಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಕೇಳಿದಾಗ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಸುಮಾರು 43 ಪ್ರತಿಶತ ಮಂದಿಗೆ ಮಾತ್ರ. ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ಎಂದು ಕೆಲವು ದಿನ ಹಿಂದಿನ ಪಾಠ ಮಾಡುತ್ತಾರೆ, ಆದರೆ ಸೇತುವೆ ದಾಟಿದ ಮೇಲೆ ಹೊಳೆ ಮತ್ತೆ ಮತ್ತೆ ಎದುರಾಗುತ್ತದೆ. ಪದವಿಯಲ್ಲಿ ಬೇಕಿರುವುದು ವರ್ಷವಿಡೀ ನಡೆಯುವ ಜೊತೆ ತರಗತಿ: ಅಕೌಂಟೆನ್ಸಿ ಪಾಠ ಮಾಡಿದವರೇ, ಅದೇ ವಾರದ ಪಾಠಕ್ಕೆ ಬೇಕಾದ ಶೇಕಡಾ, ಅನುಪಾತ, ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಎರಡು ಗಂಟೆ. ಅದು ವೇಳಾಪಟ್ಟಿಯೊಳಗೆ ಇರಬೇಕು. ಸಂಜೆ ನಾಲ್ಕರ ಮೇಲೆ ಇಟ್ಟರೆ ಹಳ್ಳಿಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ; ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ಟಿನ ಚಿಂತೆ ಕಳೆದಿದೆ, ಕೊನೆಯ ಬಸ್ಸಿನ ಚಿಂತೆ ಕಳೆದಿಲ್ಲ. ಆ ಎರಡು ಗಂಟೆಗೆ ಅತಿಥಿ ಉಪನ್ಯಾಸಕರಿಗೆ ದುಡ್ಡು ಕೊಡಬೇಕು. ಸೇವೆ ಎಂದು ಮಾಡಿಸಿಕೊಂಡರೆ ಆಷಾಢ ಮುಗಿಯುವ ಮೊದಲೇ ನಿಂತುಹೋಗುತ್ತದೆ, ನಾನು ನೋಡಿದ್ದೇನೆ.

ಹೆಚ್ಚುವರಿ ಒಂದು ವರ್ಷ ಎಂದರೆ ಈ ಹುಡುಗಿಯ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಪತ್ರ ಬರೆದ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. “ಪದವಿಗೂ ಸೇರಿಸಿಕೊಂಡಿಲ್ಲವಂತೆ, ಇನ್ನೇನು, ಗಂಡು ನೋಡಿ” ಎನ್ನಲು ನೆಂಟರು ಕಾದಿರುತ್ತಾರೆ.

ಅವರ ಪತ್ರದ ಕೊನೆಯಲ್ಲಿ ನಮ್ಮ ಜಿಲ್ಲೆಯ ಹೆಸರೇ ಇತ್ತು. ತಾವು ಸೇವೆ ಮಾಡಿದ ಕಾಲೇಜಿನಲ್ಲಿ ಅವರ ಮಾತು ಇನ್ನೂ ನಡೆಯುವುದಾದರೆ, ಮಧ್ಯಾಹ್ನ ಎರಡರಿಂದ ಮೂರು ಒಂದು ಕೊಠಡಿ ಕೊಡಿಸಲಿ. ಒಂದು ಸೆಕ್ಷನ್, ಒಂದು ಸೆಮಿಸ್ಟರ್, ಪ್ರವೇಶ ಪರೀಕ್ಷೆ ಇಲ್ಲದೆ. ಚಾಕ್‌ಪೀಸು ನಾನೇ ತರುತ್ತೇನೆ. ಅವರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ.

— ನಿವೃತ್ತ ಗಣಿತ ಅಧ್ಯಾಪಕಿ, ತಿಪಟೂರು